ಹಳೆಯ ಆಂಪ್ಲಿಫೈಯರ್, ಹೊಸ ಚಂದಾ: ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕೊಳ್ಳಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿ ಸುಮಾರು 25 ವರ್ಷ ಹಳೆಯದಾದ ಸ್ಟೀರಿಯೊ ಆಂಪ್ಲಿಫೈಯರ್, ಮರದ ಪೆಟ್ಟಿಗೆಯ ಒಂದು ಜೊತೆ ಸ್ಪೀಕರ್, ಟ್ರೇ ಸರಿಯಾಗಿ ಹೊರಗೆ ಬಾರದ ಸಿಡಿ ಪ್ಲೇಯರ್, ಮುನ್ನೂರರಷ್ಟು ಸಿಡಿಗಳು ಮತ್ತು ಒಂದು ಪೆಟ್ಟಿಗೆ ತುಂಬ ಕ್ಯಾಸೆಟ್‌ಗಳಿವೆ. ಮನೆಯವರೆಲ್ಲ ಈಗ ಚಂದಾ ಕಟ್ಟಿ ಮೊಬೈಲಿನಲ್ಲೇ ಹಾಡು ಕೇಳುತ್ತಾರೆ. ಇವನ್ನೆಲ್ಲ ಮಾರಿ ಒಂದು ಒಳ್ಳೆಯ ವೈರ್‌ಲೆಸ್ ಸ್ಪೀಕರ್ ತೆಗೆದುಕೊಳ್ಳುವುದು ಸರಿಯೇ? ಇನ್ನು ಮುಂದೆ ಸಂಗೀತವನ್ನು ಹಣ ಕೊಟ್ಟು ಕೊಳ್ಳುವ ಅಗತ್ಯವಿದೆಯೇ? ಎಲ್‌ಪಿ ರೆಕಾರ್ಡಿನ ಧ್ವನಿಯೇ ಎಲ್ಲಕ್ಕಿಂತ ಮೇಲು ಎನ್ನುತ್ತಾರಲ್ಲ, ಅದು ನಿಜವೇ?

ಉತ್ತರ: ದಯವಿಟ್ಟು ಈಗಲೇ ಏನನ್ನೂ ಮಾರಬೇಡಿ. ನಿಮ್ಮಲ್ಲಿರುವ ವಸ್ತುಗಳಲ್ಲಿ ಅತಿ ಹೆಚ್ಚು ಬಾಳಿಕೆ ಬರುವಂಥವು ಆಂಪ್ಲಿಫೈಯರ್ ಮತ್ತು ಸ್ಪೀಕರ್‌ಗಳೇ. ಅವುಗಳ ಜಾಗಕ್ಕೆ ನೀವು ತರಬೇಕೆಂದಿರುವ ವೈರ್‌ಲೆಸ್ ಸ್ಪೀಕರ್ ಅತಿ ಕಡಿಮೆ ಆಯುಷ್ಯದ್ದು. ಮನೆಯಲ್ಲಿ ಸಂಗೀತ ಕೇಳುವ ವ್ಯವಸ್ಥೆಯಲ್ಲಿ ಎರಡು ಬಗೆಯ ಭಾಗಗಳಿರುತ್ತವೆ. ವಿದ್ಯುತ್ ಸಂಕೇತವನ್ನು ಗಾಳಿಯ ಕಂಪನವಾಗಿಸುವ ಭಾಗಗಳು ದಶಕಗಳಿಂದ ಹೆಚ್ಚು ಬದಲಾಗಿಲ್ಲ. ಸಂಗೀತವನ್ನು ಎಲ್ಲಿಂದಲೋ ತಂದುಕೊಡುವ ಭಾಗಗಳು ಮಾತ್ರ ಕ್ಯಾಸೆಟ್, ಸಿಡಿ, ಡೌನ್‌ಲೋಡ್, ಸ್ಟ್ರೀಮಿಂಗ್ ಎಂದು ಹತ್ತು ಹದಿನೈದು ವರ್ಷಕ್ಕೊಮ್ಮೆ ಬದಲಾಗುತ್ತಲೇ ಬಂದಿವೆ. ಈ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿ ಕೊಂಡರೆ, ಬೇಗ ಹಳತಾಗುವ ಭಾಗವು ಬಾಳುವ ಭಾಗವನ್ನೂ ತನ್ನೊಡನೆ ಕಸಕ್ಕೆ ಎಳೆದೊಯ್ಯುತ್ತದೆ. ಬೇರೆಬೇರೆಯಾಗಿ ಇಟ್ಟುಕೊಂಡವರು ಬದಲಾದ ಭಾಗವನ್ನಷ್ಟೇ ಬದಲಿಸಿದರೆ ಸಾಕು. ಸಂಗೀತವನ್ನು ಕೊಳ್ಳುವ ವಿಷಯಕ್ಕೂ ಇದೇ ಮಾತು ಅನ್ವಯಿಸುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸ್ಪೀಕರ್‌ಗಳನ್ನು ನೋಡೋಣ. ಕಾಂತಕ್ಷೇತ್ರದಲ್ಲಿರುವ ಒಂದು ತಂತಿಯ ಸುರುಳಿ, ಅದಕ್ಕೆ ಅಂಟಿಕೊಂಡ ಕಾಗದದ ಅಥವಾ ಪ್ಲಾಸ್ಟಿಕ್ಕಿನ ಶಂಕು, ಅದನ್ನು ಹಿಡಿದಿಡುವ ಚೌಕಟ್ಟು: ಇಂದಿನ ಸ್ಪೀಕರಿನ ಈ ಸ್ವರೂಪವನ್ನು ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು 1925ರಲ್ಲೇ ನಿರೂಪಿಸಿದ್ದರು. ವಸ್ತುಗಳು ಉತ್ತಮವಾಗಿವೆ, ಲೆಕ್ಕಾಚಾರ ಕರಾರುವಾಕ್ಕಾಗಿದೆ, ಆದರೆ ತತ್ತ್ವ ಅದೇ ಉಳಿದಿದೆ. ಆದ್ದರಿಂದ 25 ವರ್ಷ ಹಳೆಯ ಒಳ್ಳೆಯ ಸ್ಪೀಕರ್ ಇಂದಿಗೂ ಒಳ್ಳೆಯ ಸ್ಪೀಕರೇ, ಒಂದು ಭಾಗ ಸರಿಯಿದ್ದರೆ. ಮುಂದಿನ ಬಟ್ಟೆಯ ಜಾಲರಿಯನ್ನು ನಿಧಾನವಾಗಿ ತೆಗೆದು, ಮಂದ್ರ ಧ್ವನಿಯ ದೊಡ್ಡ ಶಂಕುವಿನ ಸುತ್ತಲಿನ ಅಂಚನ್ನು ಪರೀಕ್ಷಿಸಿ. ಅದು ರಬ್ಬರಿನದಾಗಿದ್ದರೆ ಬಹುಶಃ ಗಟ್ಟಿಯಾಗಿಯೇ ಇರುತ್ತದೆ. ಸ್ಪಂಜಿನಂಥ ಫೋಮ್ ಆಗಿದ್ದರೆ ಗಾಳಿಯ ತೇವ ಮತ್ತು ಆಮ್ಲಜನಕಕ್ಕೆ ಸಿಕ್ಕಿ ಪುಡಿಯಾಗತೊಡಗಿರಬಹುದು; ಬೆರಳಿನಿಂದ ಮುಟ್ಟಿದಾಗ ಅಂಟಂಟಾಗಿ ಉದುರಿದರೆ ಅದರ ಕಾಲ ಮುಗಿದಿದೆ ಎಂದರ್ಥ. ಅಷ್ಟಕ್ಕೇ ಸ್ಪೀಕರನ್ನು ಎಸೆಯಬೇಕಾಗಿಲ್ಲ. ಅಂಚನ್ನಷ್ಟೇ ಬದಲಿಸುವುದು ರಿಪೇರಿ ಬಲ್ಲವರಿಗೆ ಸಾಮಾನ್ಯ ಕೆಲಸ. ಬಳಿಕ ಶಂಕುವನ್ನು ಎರಡೂ ಬದಿಯಿಂದ ಸಮನಾಗಿ, ಬಹಳ ಹಗುರವಾಗಿ ಒಳಕ್ಕೆ ಒತ್ತಿ ನೋಡಿ. ಕರಕರ ಸದ್ದು ಬಂದರೆ ಸುರುಳಿಯು ಕಾಂತಕ್ಕೆ ಉಜ್ಜುತ್ತಿದೆ. ಆಗ ಮಾತ್ರ ಹೊಸ ಸ್ಪೀಕರಿನ ಯೋಚನೆ ಮಾಡಬಹುದು.

ಆಂಪ್ಲಿಫೈಯರ್ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಧ್ವನಿ ಏರಿಸುವ ಗುಬ್ಬಿಯನ್ನು ತಿರುಗಿಸಿದಾಗ ಬರಬರ ಎಂದರೆ ಅದು ಧೂಳು ಮತ್ತು ಕಿಲುಬಿನ ಸದ್ದು, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಹೋಗುತ್ತದೆ. ಒಂದು ಬದಿಯ ಧ್ವನಿ ಆಗಾಗ ಮಾಯವಾಗುತ್ತಿದ್ದರೆ ಒಳಗಿನ ರಿಲೇ ಅಥವಾ ಬೆಸುಗೆ ಸಡಿಲಾಗಿರಬಹುದು. ಸಂಗೀತವಿಲ್ಲದಾಗಲೂ ಗುಂಯ್ ಎಂಬ ಸದ್ದು ಜೋರಾಗಿ ಬರುತ್ತಿದ್ದರೆ ದೊಡ್ಡ ಕೆಪಾಸಿಟರ್‌ಗಳು ಒಣಗಿವೆ ಎಂದು ಶಂಕಿಸಬೇಕು. ಇವೆಲ್ಲವೂ ರಿಪೇರಿಯಾಗುವಂಥವು. ಒಳಗೆ ವೋಲ್ಟೇಜ್ ಹೆಚ್ಚಿರುವುದರಿಂದ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರಬಹುದಾದ್ದರಿಂದ, ಆ ಕೆಲಸವನ್ನು ಬಲ್ಲವರಿಗೆ ಬಿಡಿ. ನಿಮ್ಮ ಆಂಪ್ಲಿಫೈಯರಿನ ನಿಜವಾದ ಸಂಪತ್ತು ಇರುವುದು ಅದರ ಬೆನ್ನಿನಲ್ಲಿ: ಕೆಂಪು ಮತ್ತು ಬಿಳಿ ಬಣ್ಣದ ದುಂಡನೆಯ ಆ ಸಾಕೆಟ್‌ಗಳು. ಅವುಗಳಿಗೆ ಸಾಫ್ಟ್‌ವೇರ್ ಇಲ್ಲ, ಖಾತೆ ಇಲ್ಲ, ಪಾಸ್‌ವರ್ಡ್ ಇಲ್ಲ. ಕ್ಯಾಸೆಟ್ ಡೆಕ್ಕಿನ ಕಾಲದಲ್ಲಿ ಹೇಗೆ ಕೆಲಸ ಮಾಡುತ್ತಿದ್ದವೋ ಈ ವರ್ಷ ತಯಾರಾದ ಸ್ಟ್ರೀಮಿಂಗ್ ಪೆಟ್ಟಿಗೆಯೊಡನೆಯೂ ಹಾಗೆಯೇ ಕೆಲಸ ಮಾಡುತ್ತವೆ.

ಇದಕ್ಕೆ ಹೋಲಿಸಿ ನೋಡಿದಾಗ ವೈರ್‌ಲೆಸ್ ಸ್ಪೀಕರಿನ ಇತಿಮಿತಿ ಸ್ಪಷ್ಟವಾಗುತ್ತದೆ. ಅದರೊಳಗೆ ಸ್ಪೀಕರ್, ಆಂಪ್ಲಿಫೈಯರ್, ಕಂಪ್ಯೂಟರ್, ಕೆಲವೊಮ್ಮೆ ಬ್ಯಾಟರಿಯೂ ಒಟ್ಟಿಗೆ ಸೇರಿಕೊಂಡಿರುತ್ತವೆ. ಬ್ಯಾಟರಿಯ ಶಕ್ತಿ ಕೆಲವೇ ವರ್ಷಗಳಲ್ಲಿ ಕುಂದುತ್ತದೆ. ತಯಾರಕರು ಸಾಫ್ಟ್‌ವೇರ್ ನವೀಕರಣ ನಿಲ್ಲಿಸಿದ ದಿನದಿಂದ ಒಂದೊಂದೇ ಸೇವೆಯ ಸಂಪರ್ಕ ಕಳಚುತ್ತ ಹೋಗುತ್ತದೆ. ಎಡ ಬಲದ ಧ್ವನಿಗಳೆರಡೂ ಒಂದೇ ಪೆಟ್ಟಿಗೆಯಿಂದ ಹೊರಡುವುದರಿಂದ, ಗಾಯಕರು ನಡುವೆ, ಪಿಟೀಲು ಒಂದು ಬದಿಗೆ, ಮೃದಂಗ ಇನ್ನೊಂದು ಬದಿಗೆ ಕೂತಂತೆ ಕೇಳಿಸುವ ಅನುಭವ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಅಂಥ ಸ್ಪೀಕರನ್ನು ನಾನು ತೆಗಳುತ್ತಿಲ್ಲ. ಕೆಲಸ ಮಾಡುತ್ತ ಕೇಳುವುದಕ್ಕೆ, ಕೋಣೆಯಿಂದ ಕೋಣೆಗೆ ಒಯ್ಯುವುದಕ್ಕೆ ಅದು ಅನುಕೂಲವೇ. ಆದರೆ ಕುಳಿತು ಕೇಳುವ ವ್ಯವಸ್ಥೆಯ ಬದಲಿಗೆ ಅದನ್ನು ತರುವುದು ನಷ್ಟದ ವ್ಯಾಪಾರ.

ಹಾಗಾದರೆ ಮನೆಯವರು ಮೊಬೈಲಿನಲ್ಲಿ ಕೇಳುವ ಸಂಗೀತ ಈ ಹಳೆಯ ಆಂಪ್ಲಿಫೈಯರಿಗೆ ತಲುಪುವುದು ಹೇಗೆ? ಎರಡು ದಾರಿಗಳಿವೆ. ಮೊದಲನೆಯದು ಬ್ಲೂಟೂತ್ ರಿಸೀವರ್. ಕೈಯಗಲದ ಈ ಪೆಟ್ಟಿಗೆ ಅಗ್ಗದ್ದು, ಯಾರ ಮೊಬೈಲಿನಿಂದಲಾದರೂ ಕೂಡಲೇ ನುಡಿಸಬಹುದು. ಆದರೆ ಮೊಬೈಲು ಸಂಗೀತವನ್ನು ಮತ್ತೊಮ್ಮೆ ಕುಗ್ಗಿಸಿ ಕಳುಹಿಸುತ್ತದೆ. ಎಲ್ಲ ಬ್ಲೂಟೂತ್ ಧ್ವನಿ ಉಪಕರಣಗಳಲ್ಲೂ ಇರಲೇಬೇಕಾದ ಎಸ್‌ಬಿಸಿ ಎಂಬ ಪದ್ಧತಿ ಸಾಮಾನ್ಯವಾಗಿ ಸೆಕೆಂಡಿಗೆ 328 ಕಿಲೋಬಿಟ್‌ವರೆಗೆ ಸಾಗಿಸುತ್ತದೆ. ಸಿಡಿಯಲ್ಲಿರುವುದು ಸೆಕೆಂಡಿಗೆ 1,411 ಕಿಲೋಬಿಟ್. ಇದಲ್ಲದೆ ಮೊಬೈಲಿಗೆ ಕರೆ ಬಂದಾಗ, ಅದನ್ನು ಹಿಡಿದವರು ಕೋಣೆಯಿಂದ ಆಚೆ ನಡೆದಾಗ ಸಂಗೀತ ಕಡಿಯುತ್ತದೆ.

ಎರಡನೆಯದು ವೈಫೈ ಮೂಲಕ ಕೆಲಸ ಮಾಡುವ ಸ್ಟ್ರೀಮರ್. ಕೋಣೆಯಲ್ಲಿ ಕೂತು ಕೇಳುವವರಿಗೆ ನಾನು ಹೇಳುವುದು ಇದನ್ನೇ. ಸ್ಪಾಟಿಫೈ ಕನೆಕ್ಟ್, ಗೂಗಲ್ ಕ್ಯಾಸ್ಟ್ ಮುಂತಾದ ಪದ್ಧತಿಗಳಲ್ಲಿ ಮೊಬೈಲು ಕೇವಲ ರಿಮೋಟ್ ಆಗಿರುತ್ತದೆ. ಯಾವ ಹಾಡು ಎಂದು ಅದು ತಿಳಿಸಿದ ಮೇಲೆ ಸ್ಟ್ರೀಮರ್ ತಾನೇ ಅಂತರ್ಜಾಲದಿಂದ ಹಾಡನ್ನು ತರಿಸಿಕೊಳ್ಳುತ್ತದೆ. ಮೊಬೈಲು ಎತ್ತಿಕೊಂಡು ಹೊರಗೆ ಹೋದರೂ ಹಾಡು ನಿಲ್ಲುವುದಿಲ್ಲ. ಸಿಡಿಯಷ್ಟೇ ಪೂರ್ಣವಾದ ಧ್ವನಿಗೂ ಸೆಕೆಂಡಿಗೆ ಒಂದೂವರೆ ಮೆಗಾಬಿಟ್‌ಗಿಂತ ಕಡಿಮೆ ಸಾಕಾಗುವುದರಿಂದ ಸಾಧಾರಣ ವೈಫೈ ಅದನ್ನು ನಿರಾಯಾಸವಾಗಿ ಹೊರುತ್ತದೆ. ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಗೂಗಲ್ ಕಂಪನಿಯ ಕ್ರೋಮ್‌ಕ್ಯಾಸ್ಟ್ ಆಡಿಯೊ ಎಂಬ ಇಂಥದೇ ಪುಟ್ಟ ಉಪಕರಣ 2015ರಲ್ಲಿ ಬಂದು, ಬಹಳ ಜನರಿಗೆ ಮೆಚ್ಚುಗೆಯಾಗಿ, 2019ರ ಆರಂಭದಲ್ಲಿ ತಯಾರಿಕೆಯನ್ನೇ ನಿಲ್ಲಿಸಲ್ಪಟ್ಟಿತು. ಸ್ಟ್ರೀಮರ್ ಎಂದರೆ ಐದಾರು ವರ್ಷ ಬಳಸಿ ಬದಲಿಸುವ ವಸ್ತು ಎಂದೇ ಭಾವಿಸಿ, ಅದಕ್ಕೆ ಹೆಚ್ಚು ಹಣ ಸುರಿಯದಿರುವುದು ಕ್ಷೇಮ. ಒಂದೇ ಕಂಪನಿಯ ಆ್ಯಪ್‌ಗೆ ಕಟ್ಟುಬೀಳದೆ, ಎರಡು ಮೂರು ಪದ್ಧತಿಗಳನ್ನು ಒಪ್ಪುವಂಥದನ್ನು ಆರಿಸಿಕೊಳ್ಳಿ. ಅದು ಮೂಲೆಗೆ ಸೇರಿದ ದಿನವೂ ನಿಮ್ಮ ಆಂಪ್ಲಿಫೈಯರಿಗೂ ಸ್ಪೀಕರಿಗೂ ಏನೂ ಆಗಿರುವುದಿಲ್ಲ.

ಹೊಸದಾಗಿ ಏನನ್ನೂ ಕೊಳ್ಳುವ ಮುನ್ನ ಮಾಡಬೇಕಾದ, ಒಂದು ಕಾಸೂ ಬೇಡದ ಸುಧಾರಣೆಯೊಂದಿದೆ. ಹೆಚ್ಚಿನ ಮನೆಗಳಲ್ಲಿ ಅದನ್ನು ಯಾರೂ ಮಾಡಿರುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸ್ಪೀಕರ್‌ಗಳನ್ನು ಕಪಾಟಿನ ಎರಡು ಮೂಲೆಗಳಿಗೆ ತುರುಕಿದ್ದರೆ, ಅಥವಾ ಒಂದರ ಮೇಲೊಂದು ಪೇರಿಸಿದ್ದರೆ, ನೀವು ಕೊಟ್ಟ ಬೆಲೆಯ ಅರ್ಧದಷ್ಟನ್ನೂ ಕೇಳುತ್ತಿಲ್ಲ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸೇರಿ ಮೂರೂ ಬದಿ ಸಮವಿರುವ ತ್ರಿಕೋನವಾಗುವಂತೆ ಇಟ್ಟು, ತಾರ ಧ್ವನಿಯ ಚಿಕ್ಕ ಸ್ಪೀಕರ್ ನಿಮ್ಮ ಕಿವಿಯ ಎತ್ತರಕ್ಕೆ ಬರುವಂತೆ ನೋಡಿಕೊಳ್ಳಿ. ಕಿರಿಯ ತರಂಗಾಂತರದ ಮೇಲ್‌ಸ್ವರಗಳು ನೇರವಾಗಿ ಸಾಗುವುದರಿಂದ ಕಿವಿಯಿಂದ ಪಕ್ಕಕ್ಕೆ ಸರಿದಷ್ಟೂ ಅವು ಮಂಕಾಗುತ್ತವೆ. ಮಂದ್ರ ಸ್ವರಗಳ ಕಥೆಯೇ ಬೇರೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಕೋಣೆಯ ಉದ್ದ 4 ಮೀಟರ್ ಎಂದುಕೊಂಡರೆ, ಸುಮಾರು 43 ಹರ್ಟ್ಸ್‌ನ ಸ್ವರದ ಅರ್ಧ ತರಂಗ ಎರಡು ಗೋಡೆಗಳ ನಡುವೆ ಸರಿಯಾಗಿ ಹಿಡಿಸುತ್ತದೆ. ಆ ಸ್ವರವೂ ಅದರ ಗುಣಕಗಳೂ ಗೋಡೆಗಳ ಬಳಿ ಉಬ್ಬಿ, ಕೋಣೆಯ ಕೆಲವು ಸ್ಥಳಗಳಲ್ಲಿ ಮಾಯವಾಗಿ, ಒಂದೇ ಹಾಡು ಒಂದು ಕುರ್ಚಿಯಲ್ಲಿ ಗುಮ್ಮೆಂದೂ ಇನ್ನೊಂದರಲ್ಲಿ ಪೇಲವವಾಗಿಯೂ ಕೇಳಿಸುತ್ತದೆ. ಸ್ಪೀಕರನ್ನು ಗೋಡೆಯಿಂದ ಒಂದು ಅಡಿ ಮುಂದಕ್ಕೆ ತಂದು, ಕೇಳುವ ಕುರ್ಚಿಯನ್ನು ಹಿಂದಿನ ಗೋಡೆಯಿಂದ ಸ್ವಲ್ಪ ಬಿಡಿಸಿ ಇಟ್ಟರೆ ಆಗುವ ವ್ಯತ್ಯಾಸ, ಸಾಮಾನ್ಯವಾಗಿ, ಆಂಪ್ಲಿಫೈಯರ್ ಬದಲಿಸಿದಾಗ ಆಗುವುದಕ್ಕಿಂತ ಹೆಚ್ಚು. ದಪ್ಪ ಪರದೆ, ನೆಲಹಾಸು, ಪುಸ್ತಕ ತುಂಬಿದ ಕಪಾಟು ಇವೆಲ್ಲ ಪ್ರತಿಧ್ವನಿಯನ್ನು ಹೀರಿಯೋ ಚದುರಿಸಿಯೋ ಮಾತಿನ ಸ್ಪಷ್ಟತೆಯನ್ನು ಹೆಚ್ಚಿಸುತ್ತವೆ.

ವ್ಯಾಟ್‌ಗಳ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಮಾರಾಟದ ಮಾತೆಲ್ಲ ಅದರ ಸುತ್ತಲೇ ಇರುತ್ತದೆ. ಶಕ್ತಿಯನ್ನು ಎರಡರಷ್ಟು ಮಾಡಿದರೆ ಧ್ವನಿ ಏರುವುದು ಕೇವಲ 3 ಡೆಸಿಬೆಲ್. ಅದು ಗೊತ್ತಾಗುವ, ಆದರೆ ದೊಡ್ಡದಲ್ಲದ ಏರಿಕೆ. 1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ 88 ಡೆಸಿಬೆಲ್ ಕೊಡುವ ಸಾಧಾರಣ ಸ್ಪೀಕರು ನಾವು ಮನೆಯಲ್ಲಿ ಕೇಳುವ ಮಟ್ಟದಲ್ಲಿ ಹೆಚ್ಚಿನ ಹೊತ್ತು ಒಂದು ವ್ಯಾಟ್‌ನ ಆಸುಪಾಸಿನಲ್ಲೇ ಇರುತ್ತದೆ. ನಿಮ್ಮ ಹಳೆಯ ಆಂಪ್ಲಿಫೈಯರಿನ 40 ಅಥವಾ 50 ವ್ಯಾಟ್‌ಗಳನ್ನು ಯಾರಾದರೂ ಹೀಗಳೆದರೆ ಕಿವಿಗೊಡಬೇಡಿ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಸಂಗೀತವನ್ನು ಕೊಳ್ಳಬೇಕೆ ಎಂದು ಕೇಳುವ ಮೊದಲು, ಕೊಟ್ಟ ಹಣಕ್ಕೆ ನಮ್ಮ ಕೈಗೆ ಏನು ಬರುತ್ತಿತ್ತು, ಈಗ ಏನು ಬರುತ್ತದೆ ಎಂದು ನೋಡಬೇಕು. ಕೊಲಂಬಿಯಾ ಕಂಪನಿಯು 1948ರಲ್ಲಿ ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿಯನ್ನು ತಂದಾಗ, ಫಿಲಿಪ್ಸ್ 1963ರಲ್ಲಿ ಕ್ಯಾಸೆಟ್ಟನ್ನು ಪರಿಚಯಿಸಿದಾಗ, ಸೋನಿ ಮತ್ತು ಫಿಲಿಪ್ಸ್ ಸೇರಿ ರೂಪಿಸಿದ ಸಿಡಿಯು 1982ರ ಅಕ್ಟೋಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದಾಗ, ಗ್ರಾಹಕನಿಗೆ ದೊರೆತದ್ದು ಒಂದು ವಸ್ತು. ಅದನ್ನು ಯಾವ ಕಂಪನಿಯ ಯಂತ್ರದಲ್ಲಾದರೂ ನುಡಿಸಬಹುದಿತ್ತು, ಸ್ನೇಹಿತರಿಗೆ ಕೊಡಬಹುದಿತ್ತು, ಬೇಡವಾದಾಗ ಮಾರಬಹುದಿತ್ತು. ಮಾರಿದ ಕಂಪನಿ ಮುಚ್ಚಿಹೋದರೂ ಆ ವಸ್ತುವಿಗೆ ಏನೂ ಆಗುತ್ತಿರಲಿಲ್ಲ.

2003ರ ಏಪ್ರಿಲಿನಲ್ಲಿ ಆಪಲ್ ಕಂಪನಿಯು ಒಂದು ಹಾಡಿಗೆ 99 ಸೆಂಟ್ ದರದಲ್ಲಿ ಡೌನ್‌ಲೋಡ್ ಮಾರಾಟ ಆರಂಭಿಸಿದಾಗ ಚಿತ್ರ ಬದಲಾಯಿತು. ಆಲ್ಬಮ್ ಪೂರ್ತಿಯಾಗಿ ಕೊಳ್ಳಬೇಕಾದ ಕಟ್ಟು ತಪ್ಪಿ ಬೇಕಾದ ಒಂದೇ ಹಾಡನ್ನು ಕೊಳ್ಳುವ ಸ್ವಾತಂತ್ರ್ಯ ಬಂತು. ಆದರೆ ಆ ಫೈಲಿಗೆ ಡಿಜಿಟಲ್ ಬೀಗವಿತ್ತು. ಅನುಮತಿ ಪಡೆದ ಕೆಲವೇ ಕಂಪ್ಯೂಟರುಗಳಲ್ಲಿ ಮಾತ್ರ ಅದು ನುಡಿಯುತ್ತಿತ್ತು. ಬೀಗದ ಕೀಲಿ ಮಾರಿದವರ ಕೈಯಲ್ಲೇ ಉಳಿದರೆ ಏನಾಗುತ್ತದೆ ಎಂಬುದು 2008ರಲ್ಲಿ ಬಯಲಾಯಿತು. ಯಾಹೂ ತನ್ನ ಸಂಗೀತದ ಅಂಗಡಿಯನ್ನು ಮುಚ್ಚುವುದಾಗಿಯೂ, ಅದರೊಡನೆ ಕೀಲಿ ಕೊಡುವ ಸರ್ವರ್‌ಗಳನ್ನು ನಿಲ್ಲಿಸುವುದಾಗಿಯೂ ತಿಳಿಸಿತು. ಹೊಸ ಕಂಪ್ಯೂಟರ್ ಕೊಂಡವರು ತಾವು ಹಣ ತೆತ್ತ ಹಾಡುಗಳನ್ನು ಅದಕ್ಕೆ ಸಾಗಿಸಲಾರದ ಸ್ಥಿತಿ ಎದುರಾಯಿತು. ಗ್ರಾಹಕರ ಆಕ್ಷೇಪದ ಬಳಿಕ ಪರಿಹಾರ ಕೊಡಲು ಕಂಪನಿ ಮುಂದಾಯಿತೆಂಬುದನ್ನೂ ಹೇಳಬೇಕು. 2009ರ ಹೊತ್ತಿಗೆ ಆಪಲ್‌ನ ಅಂಗಡಿಯ ಹಾಡುಗಳಿಂದಲೂ ಬೀಗ ತೆಗೆಯಲಾಯಿತು. ಅಷ್ಟರಲ್ಲಿ, 2008ರ ಅಕ್ಟೋಬರಿನಲ್ಲಿ, ಸ್ವೀಡನ್ನಿನ ಸ್ಪಾಟಿಫೈ ಬಂದಿತ್ತು. ಕೊಳ್ಳುವ ಮಾತೇ ಹಿಂದೆ ಸರಿದು ತಿಂಗಳ ಬಾಡಿಗೆಯ ಕಾಲ ಶುರುವಾಗಿತ್ತು.

ಕಾನೂನು ಕೂಡ ಈ ವ್ಯತ್ಯಾಸವನ್ನು ಗಂಭೀರವಾಗಿಯೇ ಪರಿಗಣಿಸಿದೆ. ಡೌನ್‌ಲೋಡ್ ಮಾಡಿಕೊಂಡ ಹಾಡುಗಳನ್ನು ಸೆಕೆಂಡ್‌ಹ್ಯಾಂಡ್ ಸಿಡಿಯಂತೆ ಮರುಮಾರಾಟ ಮಾಡಿಸಲು ಹೊರಟ ರೆಡಿಜಿ ಎಂಬ ಸಂಸ್ಥೆಯ ವಿರುದ್ಧ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ತೀರ್ಪು ನೀಡಿತು: ಫೈಲನ್ನು ವರ್ಗಾಯಿಸುವುದೆಂದರೆ ಹೊಸ ಪ್ರತಿ ಮಾಡುವುದು, ಅದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು ಎಂಬುದು ಅದರ ಸಾರ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿಯಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಹಿಂತೆಗೆದುಕೊಳ್ಳಬಹುದಾದ ಪರವಾನಗಿಯನ್ನು ಮಾತ್ರ ಕೊಡುವ ಡಿಜಿಟಲ್ ಅಂಗಡಿಗಳು ಆ ಸಂಗತಿಯನ್ನು ಸ್ಪಷ್ಟವಾಗಿ ತಿಳಿಸದೆ ಖರೀದಿ ಎಂಬ ಗುಂಡಿಯನ್ನು ತೋರಿಸುವಂತಿಲ್ಲ. ಶಾಶ್ವತವಾಗಿ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬಹುದಾದ ಸರಕಿಗೆ ಈ ನಿರ್ಬಂಧವಿಲ್ಲ. ಆ ವಿನಾಯಿತಿಯನ್ನು ಗಮನಿಸಿ. ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಬೀಗವಿಲ್ಲದೆ ಕುಳಿತಿರುವ ಫೈಲು ಮತ್ತು ಯಾರದೋ ಸರ್ವರಿನಲ್ಲಿರುವ ಹಾಡು ಒಂದೇ ಅಲ್ಲ ಎಂಬುದನ್ನು ಶಾಸನವೇ ಒಪ್ಪಿದಂತಾಯಿತು.

ಇಷ್ಟು ಹೇಳಿದ್ದು ಚಂದಾ ಬಿಡಿ ಎನ್ನುವುದಕ್ಕಲ್ಲ. ಹೊಸ ಕಲಾವಿದರನ್ನು ಕಂಡುಕೊಳ್ಳುವುದಕ್ಕೆ, ಒಂದೇ ಕೃತಿಯನ್ನು ಹತ್ತು ಮಂದಿ ಹೇಗೆ ಹಾಡಿದ್ದಾರೆಂದು ಒಂದೇ ಸಂಜೆ ಹೋಲಿಸಿ ನೋಡುವುದಕ್ಕೆ ಇದಕ್ಕಿಂತ ಉತ್ತಮ ಸಾಧನ ಹಿಂದೆಂದೂ ಇರಲಿಲ್ಲ. ಆದರೆ ಬಾಡಿಗೆಯ ಸಂಗೀತಕ್ಕೆ ಮೂರು ಕೊರತೆಗಳಿವೆ. ಹಕ್ಕುಗಳ ಒಪ್ಪಂದ ಮುಗಿದಾಗ ಹಾಡು ಸದ್ದಿಲ್ಲದೆ ಮಾಯವಾಗುತ್ತದೆ. ಹಳೆಯ ಮುದ್ರಣದ ಜಾಗಕ್ಕೆ ಹೊಸದಾಗಿ ಹದಗೊಳಿಸಿದ (ರಿಮಾಸ್ಟರ್ ಮಾಡಿದ) ಮುದ್ರಣ ಬಂದು ಕುಳಿತಿದ್ದರೂ ನಿಮಗೆ ತಿಳಿಯುವುದಿಲ್ಲ. ಮತ್ತು ಚಿಕ್ಕ ಕಂಪನಿಗಳು, ಪ್ರಾದೇಶಿಕ ಸಂಸ್ಥೆಗಳು ಹೊರತಂದ ಬಹಳಷ್ಟು ಧ್ವನಿಸುರುಳಿಗಳೂ ಸಿಡಿಗಳೂ ಅಲ್ಲಿಗೆ ಬಂದೇ ಇಲ್ಲ. ಈ ಮೂರನೆಯದೇ ನನಗೆ ಹೆಚ್ಚು ಕಳವಳದ ವಿಷಯ. ಪಟ್ಟಿಯಲ್ಲಿ ಕೋಟಿಗಟ್ಟಲೆ ಹಾಡುಗಳಿರುವಾಗ, ಅಲ್ಲಿಲ್ಲದ್ದು ಇರಲೇ ಇಲ್ಲವೆಂಬ ಭಾವನೆ ಮುಂದಿನ ತಲೆಮಾರಿಗೆ ಸುಲಭವಾಗಿ ಬಂದುಬಿಡುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿರುವ ಕ್ಯಾಸೆಟ್‌ಗಳಲ್ಲಿ ಅಂಥವು ಕೆಲವಾದರೂ ಇದ್ದೇ ಇರುತ್ತವೆ.

ಆದ್ದರಿಂದ ನನ್ನ ಸಲಹೆ ಹೀಗಿದೆ: ಹುಡುಕುವುದಕ್ಕೆ ಚಂದಾ ಕಟ್ಟಿ, ಉಳಿಸಿಕೊಳ್ಳುವುದಕ್ಕೆ ಕೊಳ್ಳಿ. ವರ್ಷದ ಕೊನೆಯಲ್ಲಿ ನೀವು ಮತ್ತೆ ಮತ್ತೆ ಮರಳಿ ಕೇಳಿದ ಆಲ್ಬಮ್‌ಗಳು ಯಾವುವೆಂದು ನೋಡಿ, ಅವುಗಳಲ್ಲಿ ನಾಲ್ಕಾರನ್ನು ಬೀಗವಿಲ್ಲದ ರೂಪದಲ್ಲಿ ಕೊಂಡಿಡಿ. ಸೆಕೆಂಡ್‌ಹ್ಯಾಂಡ್ ಸಿಡಿಗಳು ಹಲವು ಕಡೆ ಅಗ್ಗವಾಗಿವೆ. ಜನ ಕೈಬಿಡುತ್ತಿರುವ ಈ ಹೊತ್ತೇ ಕೊಳ್ಳುವವರಿಗೆ ಅನುಕೂಲದ್ದು. ಡೌನ್‌ಲೋಡ್ ಬೇಕಾದರೆ ಬ್ಯಾಂಡ್‌ಕ್ಯಾಂಪ್‌ನಂಥ ತಾಣಗಳಲ್ಲಿ ಕಲಾವಿದರಿಂದ ನೇರವಾಗಿ, ಧ್ವನಿಯಲ್ಲಿ ಏನನ್ನೂ ಕಳೆಯದ ಫ್ಲ್ಯಾಕ್ ಎಂಬ ಫೈಲಿನ ರೂಪದಲ್ಲಿಯೇ ಪಡೆಯಬಹುದು. ಹೀಗೆ ಕೊಂಡಾಗ ಕಲಾವಿದರಿಗೆ ಸೇರುವ ಪಾಲು, ಅದೇ ಆಲ್ಬಮ್ಮನ್ನು ಕೆಲವು ಬಾರಿ ಸ್ಟ್ರೀಮ್ ಮಾಡಿದಾಗ ಸೇರುವುದಕ್ಕಿಂತ ಎಷ್ಟೋ ಹೆಚ್ಚು.

ಯಾವ ಗುಣಮಟ್ಟದ್ದನ್ನು ಕೊಳ್ಳಬೇಕು ಎಂಬಲ್ಲಿ ಅನಗತ್ಯ ಗೊಂದಲ ಬಹಳವಿದೆ. ಸಿಡಿಯು ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ನಲ್ಲಿ ಬರೆದಿಡುತ್ತದೆ. ಮಾದರಿ (ಸ್ಯಾಂಪ್ಲಿಂಗ್) ಸಿದ್ಧಾಂತದ ಪ್ರಕಾರ ಇದರಿಂದ 22 ಕಿಲೋಹರ್ಟ್ಸ್‌ವರೆಗಿನ ಎಲ್ಲ ಸ್ವರಗಳನ್ನೂ ಮರಳಿ ಪಡೆಯಬಹುದು. ಎಳೆಯ, ಆರೋಗ್ಯವಂತ ಕಿವಿ ಕೇಳುವುದು ಸುಮಾರು 20 ಕಿಲೋಹರ್ಟ್ಸ್‌ವರೆಗೆ, ವಯಸ್ಸಾದಂತೆ ಅದೂ ಕುಗ್ಗುತ್ತದೆ. ಅತಿ ಮೆಲುವಾದ ಮತ್ತು ಅತಿ ಜೋರಾದ ಧ್ವನಿಗಳ ನಡುವೆ ಸುಮಾರು 96 ಡೆಸಿಬೆಲ್ ಅಂತರಕ್ಕೆ ಅಲ್ಲಿ ಜಾಗವಿದೆ. ಇದಕ್ಕಿಂತ ಹೆಚ್ಚಿನ ಅಳತೆಯ ಮುದ್ರಣಗಳನ್ನು ನುಡಿಸುತ್ತ, ನಡುವೆ ಅವನ್ನು ಸಿಡಿಯ ಮಟ್ಟಕ್ಕಿಳಿಸಿ, ಕೇಳುಗರು ವ್ಯತ್ಯಾಸ ಗುರುತಿಸಬಲ್ಲರೇ ಎಂದು ಮೇಯರ್ ಮತ್ತು ಮೊರಾನ್ ಎಂಬುವರು ನಡೆಸಿದ ಪರೀಕ್ಷೆ 2007ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಾಮಾನ್ಯ ಧ್ವನಿಮಟ್ಟದಲ್ಲಿ ಕೇಳುಗರ ಉತ್ತರಗಳು ಊಹೆಗಿಂತ ಮೇಲೇರಲಿಲ್ಲ. ಈ ವಿಷಯದಲ್ಲಿ ವಾದ ಮುಗಿದಿಲ್ಲವಾದರೂ, ಸಿಡಿಯ ಗುಣಮಟ್ಟಕ್ಕಿಂತ ಮೇಲಿನದಕ್ಕೆ ಹೆಚ್ಚು ಹಣ ಕೊಡಲು ನಾನಂತೂ ಯಾರಿಗೂ ಹೇಳುವುದಿಲ್ಲ. ಧ್ವನಿಯಲ್ಲಿ ನಿಜವಾದ ವ್ಯತ್ಯಾಸ ತರುವುದು ಆ ಆಲ್ಬಮ್ಮನ್ನು ಹೇಗೆ ಹದಗೊಳಿಸಿದ್ದಾರೆ ಎಂಬುದು. ತೊಂಬತ್ತರ ದಶಕದಿಂದೀಚೆಗೆ ಎಲ್ಲವನ್ನೂ ಜೋರಾಗಿಸುವ ಪೈಪೋಟಿಯಲ್ಲಿ ಎಷ್ಟೋ ಹಳೆಯ ಮುದ್ರಣಗಳ ಏರಿಳಿತವನ್ನು ಹಿಂಡಿ ಚಪ್ಪಟೆ ಮಾಡಿದ್ದಾರೆ. ನಿಮ್ಮಲ್ಲಿರುವ ಹಳೆಯ ಸಿಡಿಯಲ್ಲಿ ಆ ಏರಿಳಿತ ಹಾಗೆಯೇ ಉಳಿದಿರಬಹುದು. ಅವನ್ನು ಮಾರಬೇಡಿ ಎಂದದ್ದಕ್ಕೆ ಇದೂ ಒಂದು ಕಾರಣ.

ಆ ಮುನ್ನೂರು ಸಿಡಿಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ದೊಡ್ಡ ಕೆಲಸವೆನಿಸಬಹುದು, ಆದರೆ ಒಮ್ಮೆ ಮಾಡಿದರೆ ಮುಗಿಯಿತು. ಎಂಪಿ3 ಬೇಡ, ಏಕೆಂದರೆ ಅದು ಕುಗ್ಗಿಸುವಾಗ ಬಿಟ್ಟುಕೊಟ್ಟ ಭಾಗ ಮರಳಿ ಬರುವುದಿಲ್ಲ. ಫ್ಲ್ಯಾಕ್ ಎಂಬ ಮುಕ್ತ ರೂಪವು ಏನನ್ನೂ ಕಳೆಯದೆ ಗಾತ್ರವನ್ನು ಅರ್ಧಕ್ಕೆ ಹತ್ತಿರ ತರುತ್ತದೆ. 50 ನಿಮಿಷದ ಸಿಡಿ ಸುಮಾರು 300 ಮೆಗಾಬೈಟ್ ಆಗಬಹುದು, ಅಂದರೆ ನಿಮ್ಮ ಇಡೀ ಸಂಗ್ರಹ 100 ಗಿಗಾಬೈಟ್‌ನ ಆಸುಪಾಸಿನಲ್ಲಿ ಹಿಡಿಸುತ್ತದೆ. ಎಕ್ಸಾಕ್ಟ್ ಆಡಿಯೊ ಕಾಪಿಯಂಥ ತಂತ್ರಾಂಶವು ನೀವು ಇಳಿಸಿದ ಪ್ರತಿಯನ್ನು ಅದೇ ಸಿಡಿಯನ್ನು ಇಳಿಸಿಕೊಂಡ ಇತರರ ಫಲಿತಾಂಶದೊಡನೆ ತಾಳೆ ನೋಡಿ, ಗೀರಿನಿಂದಾದ ದೋಷವಿದ್ದರೆ ತಿಳಿಸುತ್ತದೆ. ಎಲ್ಲಕ್ಕಿಂತ ಮೊದಲು ಮನೆಯಲ್ಲಿ ಬರೆದ ಸಿಡಿ-ಆರ್‌ಗಳನ್ನು ಇಳಿಸಿಕೊಳ್ಳಿ. ಅವುಗಳ ಬಣ್ಣದ ಪದರ ಬೆಳಕು ಮತ್ತು ಬಿಸಿಗೆ ಮಾಸುತ್ತದೆ. ಕಾರ್ಖಾನೆಯಲ್ಲಿ ಅಚ್ಚಾದವು ಸಾಮಾನ್ಯವಾಗಿ ಬಾಳುತ್ತವೆ, ಆದರೆ ಅಂಚಿನಿಂದ ಕಂಚಿನ ಬಣ್ಣಕ್ಕೆ ತಿರುಗುತ್ತಿರುವುದು ಕಂಡರೆ ತಡಮಾಡಬೇಡಿ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿದ್ದ ಪಿಡಿಒ ಕಾರ್ಖಾನೆ 1988ರಿಂದ 1993ರವರೆಗೆ ತಯಾರಿಸಿದ ಸಿಡಿಗಳಲ್ಲಿ ಹಲವು ಹೀಗೆಯೇ ಹಾಳಾದದ್ದು ಪ್ರಸಿದ್ಧ. ಇಳಿಸಿಕೊಂಡ ಸಂಗ್ರಹದ ಎರಡು ಪ್ರತಿಗಳು ಎರಡು ಬೇರೆ ಡಿಸ್ಕುಗಳಲ್ಲಿರಲಿ, ಒಂದು ಮನೆಯ ಆಚೆ ಇದ್ದರೆ ಇನ್ನೂ ಒಳ್ಳೆಯದು. ಸ್ವಂತಕ್ಕೆ ಪ್ರತಿ ಮಾಡಿಕೊಳ್ಳುವ ಕಾನೂನು ದೇಶದಿಂದ ದೇಶಕ್ಕೆ ಬೇರೆಯಿದೆ. ಪ್ರತಿ ಇಟ್ಟುಕೊಂಡು ಮೂಲ ಸಿಡಿಯನ್ನು ಮಾರುವುದು ಮಾತ್ರ ಎಲ್ಲಿಯೂ ನ್ಯಾಯವೆನಿಸುವುದಿಲ್ಲ.

ಕ್ಯಾಸೆಟ್‌ಗಳ ಕೆಲಸ ಇದಕ್ಕಿಂತ ನಿಧಾನದ್ದು, ಏಕೆಂದರೆ ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು. ಎಲ್ಲವನ್ನೂ ಇಳಿಸಲು ಹೊರಡಬೇಡಿ. ಬೇರೆಲ್ಲಿಯೂ ಸಿಗದಂಥವನ್ನು ಆರಿಸಿ: ಮನೆಯ ಹಿರಿಯರ ದನಿ, ಸ್ಥಳೀಯ ಕಛೇರಿಗಳ ಧ್ವನಿಮುದ್ರಣ, ಮರುಮುದ್ರಣವಾಗದ ಧ್ವನಿಸುರುಳಿಗಳು. ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿಸಿ, ಆಮೇಲೆ ನುಡಿಸಿ. ಧ್ವನಿ ಮಂಕಾಗಿದ್ದರೆ ಹೆಡ್ಡಿನ ಓರೆಯನ್ನು ತಿದ್ದುವ ಚಿಕ್ಕ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿದರೆ ಕೆಲವೊಮ್ಮೆ ಮೇಲ್‌ಸ್ವರಗಳು ಮರಳಿ ಬರುತ್ತವೆ.

ಎಲ್‌ಪಿಯ ವಿಷಯ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ವಿನೈಲ್ ರೆಕಾರ್ಡುಗಳು ಮಾರಾಟವಾಗಿ, 3.3 ಕೋಟಿ ಸಿಡಿಗಳನ್ನು ಹಿಂದಿಕ್ಕಿದವು. ಸಂಖ್ಯೆಯಲ್ಲಿ ಹೀಗಾದದ್ದು 1987ರ ನಂತರ ಅದೇ ಮೊದಲು. ಈ ಪ್ರೀತಿ ನಿಜವಾದದ್ದು. ದೊಡ್ಡ ಚಿತ್ರ, ಕೈಯಲ್ಲಿ ಹಿಡಿಯುವ ವಸ್ತು, ಒಂದು ಬದಿ ಮುಗಿಯುವವರೆಗೆ ಕುಳಿತು ಕೇಳುವ ಕ್ರಮ ಇವಕ್ಕೆ ಬೆಲೆಯಿದೆ. ಆದರೆ ಧ್ವನಿಯ ನಿಷ್ಠೆಯನ್ನು ಅಳೆದರೆ ಎಲ್‌ಪಿ ಸಿಡಿಗಿಂತ ಕೆಳಗೇ ನಿಲ್ಲುತ್ತದೆ. ಅದರ ಹಿನ್ನೆಲೆಯ ಸದ್ದಿನಿಂದಾಗಿ ಮೆಲುವಿಗೂ ಜೋರಿಗೂ ನಡುವಿನ ಅಂತರ 60ರಿಂದ 70 ಡೆಸಿಬೆಲ್‌ಗೆ ಸೀಮಿತ; ಮುಳ್ಳು ನಡುವಿನ ಕಡೆಗೆ ಸರಿದಂತೆ ಅದರಡಿಯಲ್ಲಿ ಸಾಗುವ ತೋಡಿನ ವೇಗ ಕುಗ್ಗಿ ಕೊನೆಯ ಹಾಡಿನಲ್ಲಿ ಒರಟುತನ ಹೆಚ್ಚುತ್ತದೆ. ಟರ್ನ್‌ಟೇಬಲ್ಲಿನ ಕಾರ್ಟ್ರಿಜ್, ಅಂದರೆ ಮುಳ್ಳನ್ನು ಹೊತ್ತ ಪುಟ್ಟ ಭಾಗ, ಕೊಡುವುದು ಕೇವಲ 3ರಿಂದ 5 ಮಿಲಿವೋಲ್ಟ್, ಆದ್ದರಿಂದ ಆಂಪ್ಲಿಫೈಯರಿನ ಹಿಂದೆ ಫೋನೊ ಎಂದು ಬರೆದ ಸಾಕೆಟ್ ಇಲ್ಲದಿದ್ದರೆ ಪ್ರತ್ಯೇಕ ಪ್ರಿ-ಆಂಪ್ಲಿಫೈಯರ್ ಬೇಕಾಗುತ್ತದೆ. ಸೂಟ್‌ಕೇಸಿನ ರೂಪದಲ್ಲಿ ಬರುವ ಅತಿ ಅಗ್ಗದ ಪ್ಲೇಯರ್‌ಗಳನ್ನು ಕೊಳ್ಳಬೇಡಿ: ಒಳ್ಳೆಯ ಕಾರ್ಟ್ರಿಜ್ ರೆಕಾರ್ಡಿನ ಮೇಲೆ 2 ಗ್ರಾಮಿನಷ್ಟು ಭಾರ ಹೇರಿದರೆ, ಅವುಗಳಲ್ಲಿರುವ ಸೆರಾಮಿಕ್ ಕಾರ್ಟ್ರಿಜ್ ಅದರ ಎರಡು ಮೂರು ಪಟ್ಟು ಹೇರಿ ತೋಡನ್ನು ಬೇಗ ಸವೆಸುತ್ತದೆ. ಮನೆಯಲ್ಲಿ ಈಗಾಗಲೇ ರೆಕಾರ್ಡುಗಳಿಲ್ಲದ ನೀವು, ಧ್ವನಿ ಉತ್ತಮವಾಗುತ್ತದೆಂಬ ಒಂದೇ ಕಾರಣಕ್ಕೆ ಈ ದಾರಿ ಹಿಡಿಯಬೇಕಾಗಿಲ್ಲ.

ಕೊನೆಯದಾಗಿ ಆ ಸಿಡಿ ಪ್ಲೇಯರ್. ಟ್ರೇ ಹೊರಗೆ ಬಾರದಿರುವುದಕ್ಕೆ ಬಹಳ ಸಲ ಕಾರಣ ಒಳಗಿನ ಚಿಕ್ಕ ರಬ್ಬರ್ ಬೆಲ್ಟ್ ಸಡಿಲಾಗಿರುವುದು ಅಥವಾ ಗಟ್ಟಿಯಾಗಿರುವುದು. ಅದನ್ನು ಬದಲಿಸಿದರೆ ಯಂತ್ರ ಮತ್ತೆ ಕೆಲಸಕ್ಕೆ ಬರುತ್ತದೆ. ಓದುವ ಲೇಸರೇ ಮುಗಿದಿದ್ದರೆ, ಮೂಲೆಯಲ್ಲಿರುವ ಹಳೆಯ ಡಿವಿಡಿ ಪ್ಲೇಯರನ್ನು ಕೆಂಪು ಬಿಳಿ ತಂತಿಯಿಂದ ಆಂಪ್ಲಿಫೈಯರಿಗೆ ಜೋಡಿಸಿ, ಅದು ಸಿಡಿಗಳನ್ನೂ ನುಡಿಸುತ್ತದೆ. ಖರ್ಚಿನ ಕ್ರಮವನ್ನು ಹೀಗಿಟ್ಟುಕೊಳ್ಳಿ: ಮೊದಲು ಸ್ಪೀಕರಿನ ಅಂಚಿನ ತಪಾಸಣೆ ಮತ್ತು ಜಾಗದ ಬದಲಾವಣೆ, ಆಮೇಲೆ ಆಂಪ್ಲಿಫೈಯರಿನ ಶುಚಿ, ಬಳಿಕ ಸಿಡಿಗಳನ್ನು ಇಳಿಸಿಕೊಳ್ಳಲು ಎರಡು ಹಾರ್ಡ್ ಡಿಸ್ಕ್, ಎಲ್ಲ ಆದ ಮೇಲೆ ಸ್ಟ್ರೀಮರ್. ಸ್ಟ್ರೀಮರ್ ಕೊಳ್ಳುವಾಗ ಅದಕ್ಕೆ ಕೆಂಪು ಬಿಳಿ ಸಾಕೆಟ್‌ನ ಔಟ್‌ಪುಟ್ ಇದೆಯೇ, ಮನೆಯ ಹಾರ್ಡ್ ಡಿಸ್ಕಿನಲ್ಲಿರುವ ಫ್ಲ್ಯಾಕ್ ಫೈಲುಗಳನ್ನು ಚಂದಾ ಇಲ್ಲದೆಯೂ ನುಡಿಸುತ್ತದೆಯೇ ಎಂಬ ಎರಡನ್ನು ಕೇಳಿ ಖಚಿತಪಡಿಸಿಕೊಳ್ಳಿ. ಎರಡನೆಯದಕ್ಕೆ ಇಲ್ಲವೆಂಬ ಉತ್ತರ ಬಂದರೆ ಬೇರೆಯದನ್ನು ನೋಡಿ.